ಬಡಗಣ ಕಿಟಕಿ

ರಾಧಮ್ಮ ಮುದ್ದೆಯ ಎರಡನೆಯ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟುಕೊಂಡ ಹೊತ್ತಿಗೆ ಸರಿಯಾಗಿ ಅದು ಬಂತು. ಮೊದಲು ವಾಸನೆಯೆಂದೇ ತಿಳಿಯಲಿಲ್ಲ. ನಾಲಿಗೆಯ ಮೇಲೆ ಕಿಲುಬು ಹಿಡಿದ ತಾಮ್ರದ ಬಿಲ್ಲೆ ಇಟ್ಟ ಹಾಗೆ ಒಂದು ರುಚಿ. ಆಮೇಲೆ ಮೂಗಿಗೆ ಹತ್ತಿತು. ಒದ್ದೆ ಪುಕ್ಕ, ಹಳಸಿದ ರಕ್ತ, ಸೀದ ಕೊಬ್ಬು ಎಲ್ಲವನ್ನೂ ಒಂದೇ ಹಂಡೆಯಲ್ಲಿ ಕುದಿಸಿ, ಮುಚ್ಚಳ ತೆಗೆದು ಮುಖಕ್ಕೆ ಹಿಡಿದಂತೆ. ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಎದ್ದು ಹಿತ್ತಲಿಗೆ ಓಡಿ ಬೇಲಿಯ ಬುಡದಲ್ಲಿ ಉಗುಳಿದಳು. ತೊಟ್ಟಿಯಿಂದ ನೀರು ತೆಗೆದು ಮುಕ್ಕಳಿಸಿದಳು. ನೀರಿನ ಮೇಲೆ ಜಿಡ್ಡಿನ ಪರೆ ಇದ್ದಂತೆ ಅನಿಸಿತು. ಬೆರಳು ಅದ್ದಿ ನೋಡಿದರೆ ನಿಜವಾಗಿಯೂ ಇತ್ತು.

ಒಳಗಿನಿಂದ ಅಕ್ಕ ಬೋರಕ್ಕನ ದನಿ ಬಂತು. "ನುಂಗ್ಬಿಡ್ಬೇಕಿತ್ತು ಕಣೇ. ಅದು ಬರೋದ್ರೊಳಗೆ ನುಂಗ್ಬಿಡ್ಬೇಕು. ನಾವೆಲ್ಲ ಅಂಗೇ ಉಣ್ಣಾದು."

ಅನ್ನ ಸೀಯದ ಹಾಗೆ ಮಾಡುವುದು ಹೇಗೆಂದು ಹೇಳಿಕೊಡುವವಳ ಹಾಗೆ ಹೇಳಿದಳು.

ಅವಳು ಚಳ್ಳಕೆರೆಯಿಂದ ಆ ಬೆಳಗ್ಗೆ ತಾನೇ ಬಂದಿದ್ದಳು. ಅಲ್ಲಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ; ಹದಿಮೂರು ವರ್ಷದಿಂದಲೂ ಅತಿಥಿಯೇ. ಹುಟ್ಟಿದ ಹಟ್ಟಿಗೆ ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಹಿಂದಿನ ಸಲ ಬಂದದ್ದು ಶ್ರಾವಣದಲ್ಲಿ. ಆಗಲೇ ಗುಡ್ಡದ ಕಡೆ ಕಾರ್ಖಾನೆಯ ತಗಡಿನ ಚಾವಣಿ ಹೊಳೆಯುತ್ತಿತ್ತು, ಆದರೆ ವಾಸನೆ ಇರಲಿಲ್ಲ.

ಕಾರ್ಖಾನೆ ಇದ್ದದ್ದು ಹಟ್ಟಿಯಿಂದ ಒಂದು ಮೈಲಿ ಬಡಗಣಕ್ಕೆ, ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ. ಸುತ್ತಲಿನ ಪೇಟೆಗಳ ಕೋಳಿ ಅಂಗಡಿಗಳಲ್ಲಿ ಉಳಿದ ಕರುಳು, ತಲೆ, ಕಾಲು, ಪುಕ್ಕ ಎಲ್ಲ ಲಾರಿಯಲ್ಲಿ ಅಲ್ಲಿಗೆ ಬಂದು, ಬೆಂದು, ಒಣಗಿ, ಪುಡಿಯಾಗಿ ಮೀನಿನ ಮೇವಾಗುತ್ತಿತ್ತು. ಮುಂಗಾರಿನ ಗಾಳಿ ಪಡುವಣದಿಂದ ಬೀಸುವಷ್ಟು ದಿನ ಹಟ್ಟಿಗೆ ಏನೂ ತಿಳಿಯಲಿಲ್ಲ. ದೀಪಾವಳಿ ಕಳೆಯಿತು, ಗಾಳಿ ತಿರುಗಿತು.

ಬೇರೆ ಊರಾಗಿದ್ದರೆ ಮೂಗು ಮುಚ್ಚಿಕೊಂಡರೆ ಅರ್ಧ ಮುಗಿಯುತ್ತಿತ್ತು. ಇದು ಮ್ಯಾಸನಾಯಕರ ಹಟ್ಟಿ. ಇಲ್ಲಿ ಕುರಿ ಉಂಟು, ಮೇಕೆ ಉಂಟು, ದೇವರ ಎತ್ತುಗಳುಂಟು, ಕೋಳಿ ಇಲ್ಲ. ಸಾಕುವುದಿಲ್ಲ, ತಿನ್ನುವುದಿಲ್ಲ, ಮುಟ್ಟುವುದಿಲ್ಲ. ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ ಇಲ್ಲಿನ ಮಕ್ಕಳು ಬಾಳೆಹಣ್ಣಿನ ಸಾಲಿನಲ್ಲಿ ನಿಲ್ಲುತ್ತವೆ. ಅಂಥ ಕಡೆ ಈಗ ಬೆಳಗಾದರೆ ಅಂಗಳದ ತುಂಬ ಸಣ್ಣ ಬಿಳಿ ಪುಕ್ಕ. ಬೋರಕ್ಕ ಕೈ ತಾಗಿಸದೆ ಅದನ್ನು ಪೊರಕೆಯಲ್ಲಿ ಒಟ್ಟುಮಾಡಿ, ತಗಡಿನ ಚೂರಿನ ಮೇಲೆ ತಳ್ಳಿಕೊಂಡು, ಹಟ್ಟಿಯ ಮುಳ್ಳಬೇಲಿಯ ಆಚೆ ಸುರಿದು ಬಂದು ಸ್ನಾನ ಮಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಂದಿರುತ್ತಿತ್ತು. ಮಧ್ಯಾಹ್ನ ಮತ್ತೆ ಪೊರಕೆ, ಮತ್ತೆ ಸ್ನಾನ.

ರಾಧಮ್ಮ ಒಳಗೆ ಬಂದು ನೋಡಿದಳು. ಬಡಗಣ ಗೋಡೆಯ ಕಿಟಕಿಗೆ ಗೋಣಿಚೀಲ ತುರುಕಿ, ಸಂದಿಗೆಲ್ಲ ಸಗಣಿ ಮೆತ್ತಿತ್ತು. ಒಳಗೆ ಹಗಲಲ್ಲೂ ದೀಪ.

"ಗಾಳೀನೇ ಇಲ್ಲವಲ್ಲಕ್ಕ ಮನೇಲಿ."

"ಗಾಳಿ ಯಾರಿಗ್ಬೇಕು?" ಎಂದಳು ಬೋರಕ್ಕ. "ಆ ಗಾಳಿ ಬಂದ್ರೆ ಸೊಸೆ ವಾಂತಿ ಮಾಡ್ಕಂತಾಳೆ. ಬಾಣಂತನಕ್ಕೆ ಇನ್ನೂ ಮೂರು ತಿಂಗಳೈತೆ, ಈಗಲೇ ತವರಿಗೆ ಕಳಿಸ್ದೆ. ಮುತ್ತಿನಂಥ ಹುಡುಗಿ, ಕಡ್ಡಿ ಆಗೋಗಿದ್ಲು."

ಬಾಗಿಲಲ್ಲಿ ನೆರಳು ಬಿತ್ತು. ದೇವರ ಎತ್ತುಗಳನ್ನು ಕಾಯುವ ಕಿಲಾರಿ ಪಾತಣ್ಣ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಕಾಗದ. ಒಳಗೆ ಬರಲಿಲ್ಲ, ಹೊಸ್ತಿಲಾಚೆ ಕುಕ್ಕರುಗಾಲಲ್ಲಿ ಕೂತ.

"ಓದಿದಾಕಿ ಬಂದಾಳೆ ಅಂದ್ರು. ಇದ್ರಾಗೆ ಏನೈತೆ ನೋಡಮ್ಮಾ ಒಂದಿಷ್ಟು. ನಮ್ಮ ಅರ್ಜಿಗೆ ಉತ್ತರ ಬಂದೈತೆ. ಗುರುವಾರ ಸ್ಕೂಲ್ ಮುಂದೆ ಮೀಟಿಂಗಂತೆ. ಇನ್ನೊಂದು ಬಾಯ್ಲರ್ ಹಾಕ್ತಾರಂತೆ, ಅದಕ್ಕೆ ನಮ್ಮನ್ನ ಕೇಳ್ತಾರಂತೆ."

"ಎತ್ತು ಹೆಂಗವೆ ಮಾವ?" ಎಂದು ಬೋರಕ್ಕ ಕೇಳಿದಳು.

"ಹೆಂಗಿರ್ತಾವೆ? ಹುಲ್ಲು ಮೂಸ್ತಾವೆ, ಮುಖ ತಿರುಗಿಸ್ತಾವೆ. ಹುಲ್ಲಿನ ಮೇಲೆಲ್ಲ ಅದೇ ಜಿಡ್ಡು. ಎಲ್ಲಿಗೆ ಹೊಡ್ಕಂಡು ಹೋಗ್ಲಿ? ಮೊದ್ಲಾಗಿದ್ರೆ ವರವು ಕಾವಲ್ ಹುಲ್ಲುಗಾವಲಿಗೆ ಹೋಗಬಹುದಿತ್ತು, ಈಗ ಅಲ್ಲಿ ಸರ್ಕಾರದೋರು ಬೇಲಿ ಹಾಕ್ಯಾರೆ. ಬಿ.ಜಿ. ಕೆರೆ ಕಡೇರು ಒಬ್ರು ಬೀಳು ಹೊಲ ತೋರ್ಸ್ಯಾರೆ. ಗುರುವಾರದ ಮೀಟಿಂಗ್ ನೋಡ್ತೀನಿ. ಆಗಿಲ್ಲಾಂದ್ರೆ ಶುಕ್ರವಾರ ಹೊಡ್ಕಂಡು ಹೊಂಟೆ. ನಮ್ಮ ತಾತನ ಕಾಲ್ದಿಂದ ದೇವರ ಎತ್ತು ಈ ಹಟ್ಟಿ ಬಿಟ್ಟಿದ್ದಿಲ್ಲ."

ರಾಧಮ್ಮ ಕಾಗದ ಬಿಡಿಸಿ ಗಟ್ಟಿಯಾಗಿ ಓದತೊಡಗಿದಳು. ಉಲ್ಲೇಖ, ದಿನಾಂಕ, ವಿಷಯ. ಆಮೇಲೆ ಮೂರನೆಯ ಪ್ಯಾರಾ. "ಪರಿಸರ ಅಧ್ಯಯನ ವರದಿಯ ಅರವತ್ತೊಂದನೆಯ ಪುಟದ ಪ್ರಕಾರ ಚಳಿಗಾಲದ ಅವಧಿಯಲ್ಲಿ ಗಾಳಿ ಬೀಸಿಬರುವ ಸರಾಸರಿ ದಿಕ್ಕು 178.6 ಡಿಗ್ರಿ, ಅಂದರೆ ದಕ್ಷಿಣ. ಸದರಿ ಹಟ್ಟಿಯು ಘಟಕದ ದಕ್ಷಿಣಕ್ಕೆ ಇರುವುದರಿಂದ ವಾಸನೆಯು ಹಟ್ಟಿಯನ್ನು ತಲುಪುವ ಸಂಭವವಿಲ್ಲ. ದೂರಿಗೆ ವೈಜ್ಞಾನಿಕ ಆಧಾರ..."

ಅಲ್ಲಿಗೆ ಅವಳ ದನಿ ನಿಂತಿತು.

"ತೆಂಕಲಿಂದ ಬಡಗಲಿಗಂತಾ?" ಪಾತಣ್ಣ ಕಾರಿ ಉಗಿದ. "ದೀಪಾವಳಿಯಿಂದ ಶಿವರಾತ್ರಿತಂಕ ಈ ಹಟ್ಟಿಯಾಗೆ ತೆಂಕಣ ಗಾಳಿ ಬೀಸಿದ್ದು ಯಾವನು ಕಂಡಾನೆ? ಯಾವ ನಾಯಿಮಗ ಬರ್ದಾನೋ, ಅವನ ಮೂಗು ಕೊಳೆತೋಗ."

"ಬೈಬ್ಯಾಡ ಮಾವ, ಉಣ್ಣೋ ಹೊತ್ನಾಗೆ," ಎಂದಳು ಬೋರಕ್ಕ. ಆಮೇಲೆ ತಂಗಿಯ ಕಡೆ ತಿರುಗಿ ನಕ್ಕಳು. "ನೆನಪೈತೇನೇ? ಕಣದಾಗೆ ನವಣೆ ತೂರುವಾಗ ನಾವೆಲ್ಲ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ್ಕಂತಿದ್ವಿ. ನೀನು ಎದುರಿಗೆ ಬಂದು ನಿಂತು, ಕಣ್ಣು ತುಂಬ ಹೊಟ್ಟು ತುಂಬ್ಕಂಡು, ಹೋ ಅಂತ ಅಳೋದು. ಅವ್ವ ನಾಲಿಗೇಲಿ ತೆಗೀತಿದ್ಲು."

ರಾಧಮ್ಮನಿಗೆ ನೆನಪಿತ್ತು. ಹೊಟ್ಟು ಯಾವ ಕಡೆಗೆ ಹಾರುತ್ತಿತ್ತೆಂಬುದು ಅವಳ ಕಣ್ಣಿಗೇ ಗೊತ್ತಿತ್ತು. ಮತ್ತೆ 178.6 ಎಂಬ ಅಂಕಿಯೂ ನೆನಪಿತ್ತು. ಅದನ್ನು ಬರೆದವಳು ಅವಳೇ.

*

ಚಳ್ಳಕೆರೆಯಲ್ಲಿ ಅಮರೇಶ್ ಎಂಬಾತ ಕಾರ್ಖಾನೆ ಕಟ್ಟುವವರಿಗೆ ಪರಿಸರ ವರದಿ ಬರೆದುಕೊಡುತ್ತಿದ್ದ. ಲೆಕ್ಕದ ಭಾಗವನ್ನು ಎರಡು ವರ್ಷದಿಂದ ರಾಧಮ್ಮನಿಗೆ ಕೊಡುತ್ತಿದ್ದ. ಒಂದು ಕಡತ ಬರುತ್ತಿತ್ತು, ಅದಕ್ಕೆ ಒಂದು ನಂಬರು ಇರುತ್ತಿತ್ತು, ಊರಿನ ಹೆಸರು ಇರುತ್ತಿರಲಿಲ್ಲ. ಇದು ಏಳನೆಯ ಕಡತ. ಎಲ್ಲಿಯದು ಎಂದು ಅವಳು ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ.

ಮಾರನೆಯ ದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಗಂಟೆ ನೋಡಿ ಲ್ಯಾಪ್‌ಟಾಪ್ ತೆರೆದಳು. ಹಿಂದಿನ ಚಳಿಗಾಲದ ತೊಂಬತ್ತು ದಿನ, ಗಂಟೆಗೊಂದರಂತೆ ಎರಡು ಸಾವಿರದ ನೂರ ಅರವತ್ತು ಸಾಲುಗಳು. ಉಷ್ಣಾಂಶ, ತೇವಾಂಶ, ಗಾಳಿಯ ವೇಗ, ಗಾಳಿಯ ದಿಕ್ಕು. ಹವಾಮಾನ ಅಳೆಯುವ ಕಂಬದ ತುದಿಯಲ್ಲಿ ತಿರುಗುವ ಗಾಳಿಸೂಚಿ ಯಾವ ಕಡೆಯಿಂದ ಗಾಳಿ ಬಂತೋ ಅದನ್ನು ಕೋನದಲ್ಲಿ ಬರೆದಿಡುತ್ತದೆ. ಉತ್ತರ ಸೊನ್ನೆ, ಪೂರ್ವ ತೊಂಬತ್ತು, ದಕ್ಷಿಣ ನೂರ ಎಂಬತ್ತು, ಪಶ್ಚಿಮ ಇನ್ನೂರ ಎಪ್ಪತ್ತು. ಸುತ್ತು ಮುಗಿದು ಮುನ್ನೂರ ಅರವತ್ತಕ್ಕೆ ಮತ್ತೆ ಉತ್ತರ.

ದಿಕ್ಕಿನ ಕಾಲಮ್ಮನ್ನು ಮೇಲಿನಿಂದ ಕೆಳಗೆ ಓದಿದಳು. 352. 8. 347. 14. 3. 355. 21. ಎಲ್ಲವೂ ಉತ್ತರದ ಸುತ್ತಮುತ್ತಲೇ, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ. ಓದಲು ಬರುವ ಯಾರಿಗಾದರೂ ಗಾಳಿ ಬಡಗಣದ್ದೆಂದು ಕಾಣುತ್ತದೆ. ಅವಳು ಆಗ ಓದಿರಲಿಲ್ಲ. ನಾಲ್ಕೂ ಕಾಲಮ್ಮುಗಳ ಸರಾಸರಿ ಒಟ್ಟಿಗೇ ತೆಗೆದುಕೊಡು ಎಂದು ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದೇ ಒಂದು ಆಜ್ಞೆ ಬರೆದಿದ್ದಳು. ಯಂತ್ರ ಉಷ್ಣಾಂಶವನ್ನು ಕೂಡಿಸಿ ಭಾಗಿಸಿದ ಹಾಗೆಯೇ ಕೋನಗಳನ್ನೂ ಕೂಡಿಸಿ ಭಾಗಿಸಿತ್ತು. ಮುನ್ನೂರ ಐವತ್ತು ಮತ್ತು ಹತ್ತು, ಎರಡೂ ಉತ್ತರ. ಕೂಡಿಸಿ ಅರ್ಧ ಮಾಡಿದರೆ ನೂರ ಎಂಬತ್ತು, ಅಪ್ಪಟ ದಕ್ಷಿಣ. ಅಂಕಿ ಅಚ್ಚುಕಟ್ಟಾಗಿ ಬಂದಿತ್ತು, ದಶಮಾಂಶವೂ ಇತ್ತು. ಕಳಿಸಿ, ಎದ್ದು ಹೋಗಿ ಕಾಫಿ ಮಾಡಿಕೊಂಡಿದ್ದಳು. ಕಾಫಿ ಮಾಡಿಕೊಂಡದ್ದು ಕೂಡ ನೆನಪಿತ್ತು.

ಹುಡುಕಿ ನೋಡಿದಳು. ಎರಡು ಸಾವಿರದ ನೂರ ಅರವತ್ತು ಗಂಟೆಗಳಲ್ಲಿ ನೂರ ಎಪ್ಪತ್ತೆಂಟರ ಆಸುಪಾಸಿನಲ್ಲಿ ಗಾಳಿ ಒಂದು ಗಂಟೆಯೂ ಬೀಸಿರಲಿಲ್ಲ.

ಸರಿಯಾದ ದಾರಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಒಂದೊಂದು ಕೋನವನ್ನೂ ಒಂದು ಬಾಣವೆಂದು ಹಿಡಿಯಬೇಕು. ಅದು ಉತ್ತರಕ್ಕೆ ಎಷ್ಟು ಚಾಚಿದೆಯೆಂದು ಕೊಸೈನ್ ಹೇಳುತ್ತದೆ, ಪೂರ್ವಕ್ಕೆ ಎಷ್ಟೆಂದು ಸೈನ್. ಅವೆರಡರ ಸರಾಸರಿ ಬೇರೆ ಬೇರೆ ತೆಗೆದು, ಕೊನೆಗೆ ಎರಡನ್ನೂ ಸೇರಿಸಿ ಮತ್ತೆ ಕೋನ ಮಾಡಬೇಕು. ನಾಲ್ಕು ಸಾಲು. ಬರೆದಳು, ಒತ್ತಿದಳು. 2.1 ಎಂದು ಬಂತು. ಉತ್ತರ. ಪಾತಣ್ಣ ಹೊಸ್ತಿಲಾಚೆ ಕೂತು ಹೇಳಿದ್ದ ಮಾತು.

ಪರದೆ ಮುಚ್ಚಿದರೂ ಬಾಯಲ್ಲಿ ತಾಮ್ರದ ರುಚಿ ಹಾಗೆಯೇ ಇತ್ತು. ಮುಂದಿನ ಗಂಟೆ ಎರಡನೆಯ ವರ್ಷದವರಿಗೆ ಸರಾಸರಿಯ ಪಾಠವಿತ್ತು. ಹೋಗಿ ಮಾಡಿದಳು. ಯಾವುದನ್ನು ಕೂಡಿಸಬಹುದು, ಯಾವುದನ್ನು ಕೂಡಿಸಬಾರದು ಎಂದು ಬೋರ್ಡಿನ ಮೇಲೆ ಬರೆಯುವಾಗ ತನ್ನ ಕೈಯನ್ನೇ ನೋಡಿ ಅವಳಿಗೆ ಅಸಹ್ಯವಾಯಿತು.

*

ಅಮರೇಶನ ಕಚೇರಿ ಒಂದು ಎಣ್ಣೆ ಅಂಗಡಿಯ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಕಡಲೆಕಾಯಿ ಹಿಂಡಿಯ ಬಿಸಿ ವಾಸನೆ, ಒಳಗೆ ಹೋದರೆ ನಿಂಬೆಯ ಸುಗಂಧ ಉಗುಳುವ ಸಣ್ಣ ಡಬ್ಬಿ. ಅವನು ಕೆಟ್ಟವನಲ್ಲ. ಅವಳ ಕಾಗದ ನೋಡಿ ಒಂದು ನಿಮಿಷದಲ್ಲಿ ಅರ್ಥಮಾಡಿಕೊಂಡ.

"ಅಯ್ಯೋ ಶಿವನೇ," ಎಂದು ಕನ್ನಡಕ ತೆಗೆದ. ಎದ್ದು ಬಾಗಿಲು ಮುಂದೂಡಿ ಬಂದು ಕೇಳಿದ, "ಇದು ಯಾರ್ಯಾರಿಗೆ ಗೊತ್ತೈತೆ ಮೇಡಂ?"

"ಹಟ್ಟಿಯವರಿಗೆಲ್ಲ ಗೊತ್ತು. ಮೂಗಿರೋರಿಗೆಲ್ಲ ಗೊತ್ತು."

"ಅದಲ್ಲರೀ. ಲೆಕ್ಕ ತಪ್ಪಿರೋದು?"

"ನನಗೆ. ಈಗ ನಿಮಗೆ."

"ಹಂಗಾದ್ರೆ ಹಂಗೇ ಇರ್ಲಿ." ಮೆಲ್ಲಗೆ ಹೇಳಿದ, ಸಾಂತ್ವನದ ದನಿಯಲ್ಲಿ. "ಮುಂದಿನ ವರದೀಲಿ ಸದ್ದಿಲ್ದಂಗೆ ಸರಿ ಮಾಡೋಣ. ಇದೇ ಪ್ರೋಗ್ರಾಮಲ್ಲಿ ಇನ್ನೂ ಒಂಬತ್ತು ವರದಿ ಹೋಗ್ಯಾವೆ. ಒಂದು ಬಿಚ್ಚಿದ್ರೆ ಎಲ್ಲಾ ಬಿಚ್ತಾವೆ. ಲೆಕ್ಕದ ಪುಟದ ಕೆಳಗೆ ಇರೋದು ನಿಮ್ಮ ಹೆಸರು, ನಂದಲ್ಲ. ನಿಮ್ಮ ಕಾಲೇಜಿನೋರು ಮುಂದಿನ ವರ್ಷ ಕರೀತಾರಾ? ನಿಮ್ಮ ಒಳ್ಳೇದಕ್ಕೇ ಹೇಳ್ತಾ ಇದೀನಿ."

"ಅಲ್ಲಿ ಊಟ ಮಾಡಕ್ಕಾಗಲ್ಲ ಅಮರೇಶ್. ಬಾಯಿಗಿಟ್ಟ ಅನ್ನ ಉಗೀಬೇಕು."

"ಅದಕ್ಕೆ ಒಂದು ಯಂತ್ರ ಐತೆ. ಚಿಮಣಿ ಹತ್ರ ನಿಂಬೆ ವಾಸನೆ ಸಿಂಪಡಿಸೋದು. ಹಾಕ್ಸೋಣ, ನಾನೇ ಬರೆದು ಹಾಕ್ತೀನಿ." ಮೇಜಿನ ಮೇಲಿನ ಡಬ್ಬಿ ಅದೇ ಹೊತ್ತಿಗೆ ಪುಸ್ ಎಂದಿತು. "ಗುರುವಾರ ನೀವು ಬರ್ಲೇಬೇಡಿ. ಜ್ವರ ಅಂತ ಮನೇಲಿರಿ. ನಾನೇ ಅಂಕಿ ಓದಿ ಕೂತ್ಕೊಂತೀನಿ. ಯಾರೂ ನಿಮ್ಮ ಹೆಸರು ಎತ್ತಲ್ಲ."

ಅವಳು ತಲೆ ಆಡಿಸಿದಳು. ಹೂಂ ಎಂದೋ ಉಹೂಂ ಎಂದೋ ಅವನಿಗೆ ತಿಳಿಯಲಿಲ್ಲ; ಹೂಂ ಎಂದೇ ತಿಳಿದು ನಕ್ಕ. ಮೆಟ್ಟಿಲಿಳಿಯುವಾಗ ಅವಳಿಗೆ ಗೊತ್ತಾಯಿತು, ತಾನು ಹೂಂ ಎಂದೇ ಆಡಿಸಿದ್ದೆಂದು. ಎಷ್ಟು ಸಲೀಸಾಗಿ ಕತ್ತು ಬಾಗಿತ್ತು! ಕೆಳಗೆ ಎಣ್ಣೆ ಅಂಗಡಿಯವನು ಹೊಸ ಡಬ್ಬಕ್ಕೆ ಎಣ್ಣೆ ಸುರಿಯುತ್ತಿದ್ದ. ಹುಟ್ಟಿದಾಗಿನಿಂದ ಇಷ್ಟಪಟ್ಟ ವಾಸನೆ ಅದು. ಮೋರಿಯ ಪಕ್ಕಕ್ಕೆ ಹೋಗಿ ಬಾಗಿ ನಿಂತಳು. ಬರಿಯ ನೀರು ಬಂತು.

"ಬಸ್ ಪ್ರಯಾಣ ಆಗ್ಬರಲ್ವೇನಮ್ಮ?" ಎಂದು ಅಂಗಡಿಯವನು ಒಂದು ಲೋಟ ನೀರು ಚಾಚಿದ.

*

ಗುರುವಾರ ಅವಳು ರಜೆ ಬರೆದಳು. ಕಾರಣದ ಜಾಗದಲ್ಲಿ ಜ್ವರ ಎಂದು ಬರೆದು, ಹೊಡೆದುಹಾಕಿ, ಸ್ವಂತ ಕೆಲಸ ಎಂದು ಬರೆದಳು. ರಾಂಪುರದ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಹಟ್ಟಿ ಮುಟ್ಟಿದಾಗ ಹನ್ನೊಂದು ಗಂಟೆ.

ಇಳಿದ ಕೂಡಲೇ ಮೂಗು ಹಿಂಡಿಕೊಂಡಳು. ಹಿಂಡಿಕೊಂಡು ಬಿಟ್ಟಳು. ವಾಸನೆ ಇರಲಿಲ್ಲ. ಗಾಳಿ ತಣ್ಣಗೆ, ಗುಡ್ಡದ ಕಡೆಯಿಂದಲೇ ಬೀಸುತ್ತಿತ್ತು, ಒಣಹುಲ್ಲಿನ ವಾಸನೆ ಮಾತ್ರ. ಕಾರ್ಖಾನೆಯ ಚಿಮಣಿ ಬರಿದಾಗಿ ನಿಂತಿತ್ತು.

"ನಿನ್ನೆ ಸಂಜೆಯಿಂದ ಒಲೆ ಹಚ್ಚಿಲ್ಲ ಕಣೇ," ಎಂದಳು ಬೋರಕ್ಕ. "ಸಾಹೇಬ್ರು ಬರ್ತಾರಲ್ಲ. ಈಗ ನಾವೇ ಸುಳ್ಳುಗಾರರು."

ಶಾಲೆಯ ಮುಂದೆ ಶಾಮಿಯಾನ, ಬಿಳಿಬಟ್ಟೆಯ ಮೇಜು, ಮೂವರು ಅಧಿಕಾರಿಗಳು, ಪಕ್ಕದಲ್ಲಿ ಕಂಪನಿಯ ಮ್ಯಾನೇಜರು, ಅಮರೇಶ್. ಶಾಲೆಯ ಮೆಟ್ಟಿಲ ಮೇಲೆ ಕಂಪನಿಯವರು ಜನರಿಗೆಂದು ತರಿಸಿದ ಊಟದ ಪೊಟ್ಟಣಗಳು ರಾಶಿ ಬಿದ್ದಿದ್ದವು. ಒಂದನ್ನು ಬಿಚ್ಚಿದ ಹುಡುಗಿಯೊಬ್ಬಳು ಕಿರುಚಿ ಬಿಸಾಕಿದ್ದಳಂತೆ. ಕೋಳಿ ಬಿರಿಯಾನಿ. ಹಟ್ಟಿಯ ಜನ ಮೆಟ್ಟಿಲಿನಿಂದ ಹತ್ತು ಮಾರು ದೂರ ಸರಿದು, ಬಿಸಿಲಲ್ಲೇ ಕೂತಿದ್ದರು. ಒಡೆದ ಪೊಟ್ಟಣದ ಮೇಲೆ ಹಸಿರು ನೊಣ ಮುತ್ತಿ, ಎಣ್ಣೆ ಬಸಿದು, ಸರಸ್ವತಿಯ ಚಿತ್ರವಿದ್ದ ಗೋಡೆಯ ಬುಡಕ್ಕೆ ಇಳಿಯುತ್ತಿತ್ತು. ಮ್ಯಾನೇಜರಿಗೆ ಇದು ಯಾಕೆಂದು ಇನ್ನೂ ಅರ್ಥವಾಗಿರಲಿಲ್ಲ. "ಬಿಸಿ ಐತೆ, ತಗೊಳ್ರಮ್ಮ, ತಗೊಳ್ರಿ," ಎನ್ನುತ್ತಲೇ ಇದ್ದ.

"ನೀನೇ ತಿನ್ನಪ್ಪ," ಎಂದು ಯಾರೋ ಮುದುಕಿ ಕೂಗಿದಳು. "ನಿನ್ನ ಕಾರ್ಖಾನೇಲಿ ಉಳಿದಿದ್ದೇನು ಇದು?"

ನಡುವೆ ಕೂತ ಹಿರಿಯ ಅಧಿಕಾರಿ ಕೈ ಎತ್ತಿ ಸುಮ್ಮನಿರಿಸಿದರು. "ನೋಡಿ, ನಾನು ಒಂದು ಗಂಟೆಯಿಂದ ಇಲ್ಲೇ ಕೂತಿದ್ದೀನಿ. ನನಗೇನೂ ವಾಸನೆ ಬರ್ತಾ ಇಲ್ಲ."

"ಸ್ವಾಮಿ, ಇವತ್ತು ಒಲೆ ಹಚ್ಚಿಲ್ಲ," ಎಂದ ಪಾತಣ್ಣ.

"ಮಷಿನ್ ಸರ್ವಿಸ್ ಇತ್ತು ಸಾರ್," ಎಂದ ಮ್ಯಾನೇಜರು.

"ನೋಡಿ, ಅವರು ಒಂದು ಹೇಳ್ತಾರೆ, ನೀವು ಒಂದು ಹೇಳ್ತೀರಿ. ನಾವು ದಾಖಲೆ ನೋಡ್ಬೇಕಾಗ್ತದೆ."

ಅಮರೇಶ್ ಎದ್ದು ಪುಟ ತಿರುಗಿಸಿದ. ಅರವತ್ತೊಂದು. "ಗಾಳಿ ಬರುವ ಸರಾಸರಿ ದಿಕ್ಕು ನೂರ ಎಪ್ಪತ್ತೆಂಟು ಪಾಯಿಂಟ್ ಆರು ಡಿಗ್ರಿ." ಅಷ್ಟರಲ್ಲಿ ಹೆಂಗಸರ ನಡುವೆ ರಾಧಮ್ಮನನ್ನು ಕಂಡ. ಪುಟದ ಮೇಲಿದ್ದ ಅವನ ಬೆರಳು ಅಲ್ಲೇ ನಿಂತಿತು.

ಅವಳು ಎದ್ದಳು. ಪಕ್ಕದಲ್ಲಿದ್ದ ಬೋರಕ್ಕ, ತಂಗಿ ಹಟ್ಟಿಯ ಪರವಾಗಿ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹಾಕುತ್ತಾಳೆಂದುಕೊಂಡು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಸಾರ್, ಆ ಅಂಕಿ ತಪ್ಪು."

"ನೀವು ಯಾರಮ್ಮ? ಯಾವ ಸಂಘದವರು?"

"ಯಾವ ಸಂಘನೂ ಅಲ್ಲ. ಆ ಲೆಕ್ಕ ಮಾಡಿದ್ದು ನಾನು. ಪುಟದ ಕೆಳಗೆ ನನ್ನ ಹೆಸರೈತೆ, ನೋಡಿ."

ಅಧಿಕಾರಿ ಪುಟದ ಕೆಳಗೆ ಬೆರಳಿಟ್ಟು ನೋಡಿದರು. ಬೋರಕ್ಕ ತಲೆ ಎತ್ತಿ ನೋಡಲಿಲ್ಲ.

ಸೈನ್, ಕೊಸೈನ್ ಎಲ್ಲ ರಾತ್ರಿ ಹೊಂದಿಸಿಕೊಂಡು ಬಂದಿದ್ದಳು. ಈಗ ಅದು ಬಾಯಿಗೆ ಬರಲಿಲ್ಲ. ಶಾಲೆಯ ಗೋಡೆಯ ಗಡಿಯಾರ ಕಂಡಿತು. "ಸಾರ್, ಅಲ್ಲಿ ಗಡಿಯಾರ ಐತಲ್ಲ. ಹನ್ನೆರಡರ ಕಡೆ ಬಡಗಣ ಅಂದ್ಕೊಳ್ಳಿ. ಗಾಳಿ ಒಂದ್ಸಲ ಹನ್ನೊಂದರ ಕಡೆಯಿಂದ ಬಂತು, ಒಂದ್ಸಲ ಒಂದರ ಕಡೆಯಿಂದ. ಎರಡರ ನಡುವೆ ಏನೈತೆ?"

"ಹನ್ನೆರಡು," ಎಂದಿತು ಹಿಂದಿನಿಂದ ಒಂದು ಮಗು.

"ನಾನು ಹನ್ನೊಂದನ್ನೂ ಒಂದನ್ನೂ ಕೂಡಿಸ್ದೆ. ಹನ್ನೆರಡಾಯ್ತು. ಎರಡು ಸಲ ಅಂತ ಅರ್ಧ ಮಾಡ್ದೆ. ಆರು ಅಂತ ಬರ್ದೆ. ಹನ್ನೆರಡರ ಕಡೆಯಿಂದ ಬರೋ ಗಾಳೀನ ಆರರ ಕಡೆಯಿಂದ ಬರ್ತೈತೆ ಅಂತ ಬರ್ದು ಕೊಟ್ಟೆ."

ಆ ಮುದುಕಿ ಮತ್ತೆ ಬಾಯಿ ಹಾಕಿದಳು. "ಆರು ಅಂತ ಬರ್ದ್ಯಾ? ನಮ್ಮ ಬೋರಕ್ಕನ ತಂಗಿ? ಇದನ್ನ ಓದಾಕೆ ದುರ್ಗಕ್ಕೆ ಹೋಗಿದ್ಯಾ ನೀನು?"

ಕೆಲವರು ನಕ್ಕರು. ಪಾತಣ್ಣ ನಗಲಿಲ್ಲ. ಹಿಂದಕ್ಕೆ ತಿರುಗಿ ಅವಳನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದ. ಅಂದು ಹೊಸ್ತಿಲಾಚೆ ಕೂತು ತಾನು ಬೈದದ್ದು ಅವನಿಗೂ ನೆನಪಾದಂತಿತ್ತು. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಎತ್ತುಗಳ ಕಡೆ ನಡೆದುಬಿಟ್ಟ.

"ಬರವಣಿಗೆಯಲ್ಲಿ ಕೊಡ್ತೀರಾ?" ಎಂದರು ಅಧಿಕಾರಿ. ಅವರ ದನಿಯಲ್ಲಿ ಕೋಪವೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಮಧ್ಯಾಹ್ನದ ಊಟ ತಡವಾಗುತ್ತದೆಂಬ ಬೇಸರ ಮಾತ್ರ ಇತ್ತು.

ಅವಳು ಎರಡು ಹಾಳೆ ಕೊಟ್ಟಳು. ಹಳೆಯ ಆಜ್ಞೆ ಒಂದರಲ್ಲಿ, ಹೊಸ ನಾಲ್ಕು ಸಾಲು ಇನ್ನೊಂದರಲ್ಲಿ, ಎರಡರ ಕೆಳಗೂ ಸಹಿ. ಅಧಿಕಾರಿ ಅದನ್ನು ಮೇಜಿನ ಮೇಲಿಟ್ಟರು. ಹಾಳೆ ಎದ್ದು ತೆಂಕಲ ಕಡೆ ಜಾರಿತು. ಹಿಡಿದು ತಂದು, ಅದರ ಮೇಲೆ ನೀರಿನ ಬಾಟಲಿ ಇಟ್ಟರು. ಮೂವರೂ ತಲೆ ಸೇರಿಸಿ ಮಾತಾಡಿದರು. ಗಾಳಿಯ ಲೆಕ್ಕ ಬೇರೆಯವರಿಂದ ಮತ್ತೆ ಮಾಡಿಸಿ ತರುವವರೆಗೆ ಎರಡನೆಯ ಬಾಯ್ಲರಿನ ವಿಷಯ ಮುಂದೂಡಲಾಗಿದೆ ಎಂದು ಬರೆಸಿದರು. ಮೊದಲನೆಯದರ ವಿಷಯ ಏನೆಂದು ಯಾರೋ ಕೇಳಿದರು. ಅದು ಈ ಸಭೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು.

ಜೀಪಿನ ಕಡೆ ಹೋಗುತ್ತ ಅಮರೇಶ್ ಅವಳ ಪಕ್ಕ ನಿಂತ. "ಇನ್ನೂ ಒಂಬತ್ತು ಊರು ಐತೆ ಮೇಡಂ."

"ಗೊತ್ತು. ಊರಿನ ಹೆಸರು ಕಳಿಸಿ."

ಅವನು ಏನೋ ಹೇಳಲು ಬಾಯಿ ತೆರೆದು, ಮೆಟ್ಟಿಲ ಮೇಲಿನ ಪೊಟ್ಟಣಗಳನ್ನೂ ಅವನ್ನು ಎಳೆಯುತ್ತಿದ್ದ ನಾಯಿಗಳನ್ನೂ ನೋಡಿ, ಕರವಸ್ತ್ರ ಬಾಯಿಗೊತ್ತಿಕೊಂಡು ಹೋದ.

*

ಬೋರಕ್ಕ ದಾರಿಯುದ್ದಕ್ಕೂ ಹತ್ತು ಹೆಜ್ಜೆ ಮುಂದೆ ನಡೆದಳು. ರಾಧಮ್ಮ ಹಿಂದೆ ನಡೆದಳು. ಕಣದ ಹತ್ತಿರ ಪಾತಣ್ಣ ಎತ್ತುಗಳ ಹಗ್ಗ ಬಿಚ್ಚುತ್ತಿದ್ದನೋ ಕಟ್ಟುತ್ತಿದ್ದನೋ ದೂರಕ್ಕೆ ತಿಳಿಯಲಿಲ್ಲ.

ಮನೆಗೆ ಬಂದು ಬೋರಕ್ಕ ಕೈಕಾಲು ತೊಳೆದಳು. ಒಲೆ ಹಚ್ಚಿ ಎಸರಿಟ್ಟಳು, ಮುದ್ದೆ ತೊಳಸಿದಳು. ರಾಧಮ್ಮ ಗೋಡೆಗೆ ಒರಗಿ ನಿಂತೇ ಇದ್ದಳು. ಕೂರು ಎಂದು ಅಕ್ಕ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಹೊರಗೆ ಅಧಿಕಾರಿಗಳ ಜೀಪುಗಳು ಒಂದರ ಹಿಂದೊಂದು ರಾಂಪುರದ ರಸ್ತೆ ಹಿಡಿದ ಸದ್ದು ಕೇಳಿಸಿ, ಸಣ್ಣಗಾಗಿ, ಇಲ್ಲವಾಯಿತು.

ಆಗ ಬೋರಕ್ಕ ಮೂಲೆಯಲ್ಲಿದ್ದ ಕುಡುಗೋಲು ತೆಗೆದುಕೊಂಡು ಬಡಗಣ ಕಿಟಕಿಯ ಹತ್ತಿರ ಹೋದಳು. ಒಣಗಿದ ಸಗಣಿಯನ್ನು ಸುತ್ತಲೂ ಹೆರೆದಳು. ಗೋಣಿಚೀಲದ ತುದಿ ಹಿಡಿದು ಎರಡು ಸಲ ಜಗ್ಗಿದಳು. ಅದು ಕಿತ್ತು ಬಂತು. ಎದುರು ಗೋಡೆಯ ಮೇಲೆ ಮೂರು ತಿಂಗಳಿಂದ ಇಲ್ಲದ ಬೆಳಕು ಬಿತ್ತು. ಕಿಟಕಿಯಾಚೆ ಗುಡ್ಡದ ಸಂದಿ ಕಾಣುತ್ತಿತ್ತು. ಚಿಮಣಿಯ ಬಾಯಲ್ಲಿ ಬೂದು ಹೊಗೆ ಮೆಲ್ಲಗೆ ತಲೆ ಎತ್ತುತ್ತಿತ್ತು.

ತಣಿಗೆಯನ್ನು ಕಿಟಕಿಯ ಕೆಳಗೆ ಇಟ್ಟು, ಮುದ್ದೆ ಹಾಕಿ, ಸಾರು ಬಿಟ್ಟಳು.

"ಕೂತ್ಕ. ಉಣ್ಣು."

"ನೀನು?"

"ನೀನು ಉಣ್ಣು ಮೊದ್ಲು."

ರಾಧಮ್ಮ ಕೂತಳು. ಮೊದಲ ತುತ್ತು ಮುರಿಯುವಾಗಲೇ ಅದು ಬಂತು. ಹದಿನೆಂಟು ಗಂಟೆ ಮುಚ್ಚಿಟ್ಟು ಕೊಳೆಯಲು ಬಿಟ್ಟದ್ದೆಲ್ಲ ಒಟ್ಟಿಗೆ ಬೇಯುತ್ತಿತ್ತೇನೋ, ಅಂದಿಗಿಂತ ದಪ್ಪವಾಗಿ, ಹಸಿಯಾಗಿ, ಕಿಟಕಿಯ ಅಗಲಕ್ಕೂ ಸುರಿದಂತೆ ಬಂತು. ಕಣ್ಣಲ್ಲಿ ನೀರು ಬಂತು. ಬೋರಕ್ಕ ಎದುರಿಗೆ ಮೊಣಕಾಲ ಮೇಲೆ ಕೈಯಿಟ್ಟು ಕೂತು, ತಂಗಿಯ ಬಾಯನ್ನೇ ನೋಡುತ್ತಿದ್ದಳು. ರಾಧಮ್ಮ ನುಂಗಿದಳು. ಇನ್ನೊಂದು ತುತ್ತು ಮುರಿದಳು. ಅದನ್ನೂ ನುಂಗಿದಳು.

ಕಿಟಕಿಯಿಂದ ಒಂದು ಬಿಳಿ ಪುಕ್ಕ ಒಳಗೆ ಬಂತು. ಉಗುರಿನಷ್ಟೇ ಅಗಲ, ತುದಿಯಲ್ಲಿ ಸ್ವಲ್ಪ ಒದ್ದೆ. ಗಾಳಿಯಲ್ಲಿ ಎರಡು ಸುತ್ತು ತಿರುಗಿ ತಣಿಗೆಯ ಅಂಚಿಗೆ ಇಳಿಯತೊಡಗಿತು. ಬೋರಕ್ಕನ ಕೈ ಪೊರಕೆಯ ಕಡೆ ಹೋಯಿತು. ಅಷ್ಟರಲ್ಲಿ ರಾಧಮ್ಮ ಎಡಗೈ ಚಾಚಿ ಅದನ್ನು ಹಿಡಿದುಕೊಂಡಳು. ಎಲ್ಲಿಡಲಿ ಎಂದು ಸುತ್ತ ನೋಡಿದಳು. ಒಲೆಯಲ್ಲಿ ಹಾಕುವಂತಿರಲಿಲ್ಲ, ನೆಲದ ಮೇಲೆ ಇಡುವಂತಿರಲಿಲ್ಲ, ಹೊಸ್ತಿಲ ಮೇಲಂತೂ ಇಲ್ಲವೇ ಇಲ್ಲ. ಮುಷ್ಟಿ ಮುಚ್ಚಿ ಮಡಿಲಲ್ಲಿಟ್ಟುಕೊಂಡು, ಬಲಗೈಯಲ್ಲಿ ಉಳಿದ ಮುದ್ದೆಯನ್ನು ಉಣ್ಣತೊಡಗಿದಳು.